ವಾಚ್‌ಮನ್ ಊರಿಗೆ ಸೇವೆ ಮಾಡಲು ಹೊರಟವರಿಗೆ: ಮೊದಲ ಪ್ರವಾಸದಲ್ಲಿ ಏನು ನೋಡಬೇಕು, ಯಾವ ಮಾತು ಕೊಡಬಾರದು

ಪ್ರಶ್ನೆ: ನಾವು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು. ನಮ್ಮಲ್ಲಿ ಹಲವು ವರ್ಷಗಳಿಂದ ವಾಚ್‌ಮನ್ ಆಗಿರುವವರು ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯವರು. ಅವರ ಊರಿಗೆ ಏನಾದರೂ ಮಾಡೋಣ ಅಂತ ಎಲ್ಲರೂ ಸೇರಿ ಐದು ಲಕ್ಷ ರೂಪಾಯಿ ಕೂಡಿಸಿದ್ದೇವೆ. ಡಿಸೆಂಬರ್ ಕೊನೆಯ ರಜೆಯಲ್ಲಿ ಹನ್ನೊಂದು ಜನ ಎಂಟು ದಿನಕ್ಕೆ ಹೋಗಿಬರುವ ಯೋಚನೆ ಇದೆ. ಕುಡಿಯುವ ನೀರು, ಶಾಲೆಗೆ ಶೌಚಾಲಯ, ಗ್ರಂಥಾಲಯ, ಈ ಮೂರರಲ್ಲಿ ಯಾವುದು ಒಳ್ಳೆಯದು? ಹೋದಾಗಲೇ ಕೆಲಸ ಶುರು ಮಾಡಿಸಿ ಬರಬಹುದೇ? ಮಕ್ಕಳಿಗೆ ಏನು ತೆಗೆದುಕೊಂಡು ಹೋಗಬೇಕು?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಗೇಟಿನ ಹತ್ತಿರ ದಿನಾ ನಮಸ್ತೆ ಹೇಳುವವರ ಊರು ಎಲ್ಲಿದೆ, ಅವರ ಮನೆಯವರು ಹೇಗಿದ್ದಾರೆ ಅಂತ ವಿಚಾರಿಸುವವರೇ ಕಡಿಮೆ. ಗುಡ್ಡದ ಊರುಗಳಲ್ಲಿ ನೀರು, ನೈರ್ಮಲ್ಯದ ಕೆಲಸ ಮಾಡಿಕೊಂಡು ಬಂದವನು ನಾನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಈ ಸಲ ಯಾವ ಕೆಲಸವನ್ನೂ ಶುರು ಮಾಡಿಸಬೇಡಿ. ಮಕ್ಕಳಿಗೆ ಏನೂ ಹೊತ್ತುಕೊಂಡು ಹೋಗಬೇಡಿ. ಇನ್ನು ಮೂರರಲ್ಲಿ ಯಾವುದು ಒಳ್ಳೆಯದು ಅನ್ನುವುದನ್ನು ಬೆಂಗಳೂರಿನಲ್ಲಿ ಕೂತು ಹೇಳಲು ಆಗುವುದಿಲ್ಲ. ಆ ಊರಿನವರು ತಮಗೆ ಏನು ಬೇಕು ಅಂತ ಬಹುಶಃ ಈಗಾಗಲೇ ಸಭೆ ಮಾಡಿ ತೀರ್ಮಾನ ಮಾಡಿರುತ್ತಾರೆ. ದುಡ್ಡು ಸಾಲದೆ ಆ ಕೆಲಸ ವಾರ್ಡ್ ಕಚೇರಿಯ ಪಟ್ಟಿಯಲ್ಲೇ ಉಳಿದಿರುತ್ತದೆ. ಅದು ಯಾವುದು, ಯಾಕೆ ನಿಂತಿದೆ, ಮುಗಿದ ಮೇಲೆ ಕೆಟ್ಟರೆ ರಿಪೇರಿ ಮಾಡುವವರು ಯಾರು ಅಂತ ತಿಳಿದುಕೊಂಡು ಬನ್ನಿ. ಮೊದಲ ಪ್ರವಾಸಕ್ಕೆ ಅಷ್ಟೇ ಕೆಲಸ. ಅಷ್ಟಕ್ಕೇ ನಿಮ್ಮ ದಿನಗಳು ಸಾಲುವುದಿಲ್ಲ.

ಯಾಕೆ ಅಂದರೆ ಎಂಟು ದಿನದಲ್ಲಿ ನಾಲ್ಕು ದಿನ ದಾರಿಯಲ್ಲೇ ಹೋಗುತ್ತದೆ. ದೆಹಲಿಯಿಂದ ರಾತ್ರಿ ಬಸ್ಸಿನಲ್ಲಿ ಉತ್ತರಾಖಂಡದ ಬನಬಸಾಕ್ಕೆ ಬರಬೇಕು. ಅಲ್ಲಿ ಗಡಿ ದಾಟಿ ಮಹೇಂದ್ರನಗರ, ಅತ್ತರಿಯಾ, ಆಮೇಲೆ ಡಡೇಲ್‌ಧುರಾ, ಡೋಟಿ ಮೇಲೆ ಹಾದು ಅಛಾಮಿನ ಸಾಂಫೆಬಗರ್ ತಲುಪಲು ಇನ್ನೊಂದು ಇಡೀ ದಿನದ ಘಾಟಿ ದಾರಿ. ಅಲ್ಲಿಂದ ನಿಮ್ಮ ವಾಚ್‌ಮನ್ ಊರಿಗೆ ಜೀಪೋ, ನಡಿಗೆಯೋ, ಎರಡೂ ಇರಬಹುದು. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ. ದೊಡ್ಡವರಿಗೆ ಬರೀ ಆಧಾರ್ ಕಾರ್ಡ್ ಸಾಲದು. ಕಠ್ಮಂಡು ಮೂಲಕ ಹೋಗಿ ಪಶ್ಚಿಮ ನೇಪಾಳದ ಧನಗಢಿಗೆ ವಿಮಾನ ಹಿಡಿಯುವ ದಾರಿಯೂ ಇದೆ. ಹಾಗೆ ಹೋದರೆ ಪಶುಪತಿನಾಥನ ದರ್ಶನ ಮಾಡಿಕೊಂಡು ಹೋಗಿ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರಾವಳಿ ಕಡೆಯವರು, ಕನ್ನಡದಲ್ಲಿ ಮಾತಾಡಿಸಬಹುದು. ಆದರೆ ಕಠ್ಮಂಡುವಿನಲ್ಲಿ ಯಾರಾದರೂ ಅನಾಥಾಶ್ರಮ ತೋರಿಸುತ್ತೇವೆ, ಮಕ್ಕಳ ಜೊತೆ ಒಂದು ದಿನ ಕಳೆಯಿರಿ ಅಂತ ಕರೆದರೆ ಹೋಗಬೇಡಿ. ಆ ಮನೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಓದಿಸುತ್ತೇವೆ ಅಂತ ನಂಬಿಸಿ ದೂರದ ಗುಡ್ಡಗಾಡಿನಿಂದ ದಲ್ಲಾಳಿಗಳು ಕರೆತಂದ ಮಕ್ಕಳೂ ಇದ್ದಾರೆ. ನೋಡಲು ಬರುವವರ ದುಡ್ಡೇ ಆ ವ್ಯಾಪಾರವನ್ನು ನಡೆಸುತ್ತಿದೆ.

ಹನ್ನೊಂದು ಜನ ಜಾಸ್ತಿಯಾಯಿತು. ನಾಲ್ಕು ಜನ ಹೋಗಿ, ಅದರಲ್ಲಿ ಇಬ್ಬರು ಹೆಂಗಸರಿರಲಿ. ನಿಮಗೆಲ್ಲ ಆಸೆ ಇರುತ್ತದೆ, ಗೊತ್ತು. ಆದರೆ ಆ ಊರಿನ ಮನೆಯನ್ನು ಒಮ್ಮೆ ನೆನೆಸಿಕೊಳ್ಳಿ. ಗಂಡಸು ಬೆಂಗಳೂರಿನಲ್ಲಿ ಇರುತ್ತಾರೆ. ಮನೆ, ಹೊಲ, ದನ, ಅತ್ತೆ ಮಾವ, ಮಕ್ಕಳು, ಎಲ್ಲವೂ ಹೆಂಡತಿಯ ಮೇಲೆ. ಗಂಡನಿಗೆ ಕೆಲಸ ಕೊಟ್ಟವರು ಬರುತ್ತಾರೆ ಅಂದರೆ ಆಕೆ ಕೋಳಿ ಕೊಯ್ಯುತ್ತಾಳೆ, ತುಪ್ಪ ಸಾಲ ತರುತ್ತಾಳೆ, ಇರುವ ಹಾಸಿಗೆಯನ್ನೆಲ್ಲ ನಿಮಗೆ ಕೊಟ್ಟು ನೆಲದ ಮೇಲೆ ಮಲಗುತ್ತಾಳೆ. ಹನ್ನೊಂದು ಜನ ಸ್ನಾನ ಮಾಡುವ ನೀರನ್ನು ಯಾರು ಹೊರುತ್ತಾರೆ? ಅವಳೇ. ಹಾಗಾಗಿ ಸಾಂಫೆಬಗರ್ ಅಥವಾ ಮಂಗಲ್‌ಸೇನ್‌ನ ಲಾಡ್ಜಿನಲ್ಲಿ ಇಳಿದುಕೊಳ್ಳಿ. ಊರು ತೀರಾ ದೂರವಿದ್ದರೆ ಶಾಲೆಯಲ್ಲೋ ಬೇರೆ ಬೇರೆ ಮನೆಗಳಲ್ಲೋ ಉಳಿಯಿರಿ, ಊಟಕ್ಕೆ ದುಡ್ಡು ಕೊಡಿ. ಬೇಡ ಅಂದರೂ ಕೊಡಿ.

ಈಗ ನಿಮ್ಮ ವಾಚ್‌ಮನ್ ವಿಷಯ. ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವುದು ಇದೇ.

ಅವರಿಗೆ ನಿಜವಾಗಿ ಇದು ಬೇಕಾ ಅಂತ ಕೇಳಿದ್ದೀರಾ? ಹತ್ತು ಜನ ಸುತ್ತ ನಿಂತು ಕೇಳಿದರೆ ಅವರು 'ಆಗಬಹುದು ಸಾಬ್' ಅಂತಲೇ ಹೇಳುತ್ತಾರೆ. ಸಂಬಳ ಕೊಡುವವರಿಗೆ ಬೇಡ ಅನ್ನುವುದು ಕಷ್ಟ. ಅವರಿಗೆ ಹತ್ತಿರದವರು ಯಾರಾದರೂ ಒಬ್ಬರು ಕೂತು, ಸಮಾಧಾನವಾಗಿ, ಇನ್ಯಾರೂ ಇಲ್ಲದಾಗ ಮಾತಾಡಿ. ನಾವು ಬಂದರೆ ನಿಮಗೆ ತೊಂದರೆ ಆಗುತ್ತದಾ? ಊರಿನಲ್ಲಿ ಯಾರ ಜೊತೆಗಾದರೂ ಜಮೀನಿನ ಜಗಳ ಇದೆಯಾ? ಸಾಲ ಕೊಟ್ಟವರು ಇದ್ದಾರಾ? ಬೆಂಗಳೂರಿನಲ್ಲಿ ಯಾವ ಕೆಲಸದಲ್ಲಿದ್ದೇನೆ ಅಂತ ಊರಲ್ಲಿ ಹೇಳಿದ್ದಾರೆ? ಕೆಲವರು ಕಂಪನಿಯಲ್ಲಿ ಕೆಲಸ ಅಂತಷ್ಟೇ ಹೇಳಿರುತ್ತಾರೆ. ಅದನ್ನು ನೀವು ಊರ ನಡುವೆ ಬಿಚ್ಚಿಡುವುದು ಬೇಡ. ಅವರಿಗೆ ಮನಸ್ಸಿಲ್ಲ ಅನ್ನಿಸಿದರೆ ಯೋಜನೆಯನ್ನು ಅಲ್ಲೇ ಬಿಡಿ. ಅವರ ಮಕ್ಕಳ ಓದಿಗೋ, ಆರೋಗ್ಯ ವಿಮೆಗೋ, ಸಂಬಳ ಹೆಚ್ಚಿಸಲಿಕ್ಕೋ ಆ ದುಡ್ಡು ಹೋದರೆ ಅದೂ ಒಳ್ಳೆಯ ಕೆಲಸವೇ.

ಅವರು ಒಪ್ಪಿದರೆ ಅವರ ರಜೆಗೆ ಸಂಬಳ ಕೊಡಿ, ಪ್ರಯಾಣದ ಖರ್ಚು ನೀವೇ ನೋಡಿಕೊಳ್ಳಿ. ಆದರೆ ಅವರನ್ನು ನಿಮ್ಮ ಯೋಜನೆಯ ಮುಖ್ಯಸ್ಥರನ್ನಾಗಿ ಮಾಡಬೇಡಿ, ದುಡ್ಡನ್ನು ಅವರ ಕೈಗೆ ಕೊಡಬೇಡಿ. ಅವರ ಮೇಲೆ ನಂಬಿಕೆ ಇಲ್ಲ ಅಂತ ಇದನ್ನು ಹೇಳುತ್ತಿಲ್ಲ. ನಲ್ಲಿ ಇವರ ಮನೆ ಹತ್ತಿರ ಬಂತು, ಅವರ ಕೇರಿಗೆ ಬರಲಿಲ್ಲ ಅಂದರೆ ನೀವು ಬೆಂಗಳೂರಿಗೆ ವಾಪಸ್ ಬಂದಿರುತ್ತೀರಿ. ಊರಿನ ಮಾತನ್ನು ತಲೆತಲಾಂತರ ಕೇಳಬೇಕಾದವರು ಆ ಮನೆಯವರು. ಅವರು ದಲಿತರಾಗಿದ್ದರೆ ಸಂಗತಿ ಇನ್ನೂ ನಾಜೂಕು. ಅಲ್ಲಿನ ಗುಡ್ಡದ ಊರುಗಳಲ್ಲಿ ಕಾಮಿ, ದಮಾಯಿ, ಸಾರ್ಕಿ ಸಮುದಾಯದವರ ಟೋಲ್‌ಗಳು, ಅಂದರೆ ಕೇರಿಗಳು, ಸಾಮಾನ್ಯವಾಗಿ ಬೇರೆಯೇ ಇರುತ್ತವೆ. ಅಸ್ಪೃಶ್ಯತೆಗೆ ಶಿಕ್ಷೆ ಕೊಡುವ ಕಾನೂನು 2011ರಲ್ಲೇ ಬಂದಿದೆ. ಆದರೂ ನೀರಿನ ಹತ್ತಿರ ಹಳೆಯ ಅಭ್ಯಾಸ ಬೇಗ ಹೋಗುವುದಿಲ್ಲ. ನಮ್ಮ ಹಳ್ಳಿಗಳ ಬಾವಿಕಟ್ಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಊರಿಗೆ ಹೋದ ಮೇಲೆ ಮೊದಲು ವಾರ್ಡ್ ಕಚೇರಿಗೆ ಹೋಗಿ. 2015ರ ಸಂವಿಧಾನ ಬಂದ ಮೇಲೆ ನೇಪಾಳದಲ್ಲಿ ಆಡಳಿತ ಪೂರ್ತಿ ಬದಲಾಗಿದೆ. ದೇಶದಲ್ಲಿ 753 ಸ್ಥಳೀಯ ಸರ್ಕಾರಗಳಿವೆ. ಅಛಾಮ್ ಒಂದರಲ್ಲೇ ಹತ್ತು: ನಾಲ್ಕು ನಗರಪಾಲಿಕೆ, ಆರು ಗ್ರಾಮಪಾಲಿಕೆ. ಇವುಗಳ ಅಧಿಕಾರ ನಮ್ಮ ಗ್ರಾಮ ಪಂಚಾಯಿತಿಗಿಂತ ಎಷ್ಟೋ ಜಾಸ್ತಿ. ಪ್ರೌಢಶಾಲೆಯವರೆಗಿನ ಶಿಕ್ಷಣ, ಆರೋಗ್ಯ ಕೇಂದ್ರ, ಕುಡಿಯುವ ನೀರು ಎಲ್ಲ ಅವುಗಳ ಕೈಯಲ್ಲಿದೆ. ಪ್ರತಿ ಪಾಲಿಕೆಯ ಕೆಳಗೆ ವಾರ್ಡುಗಳಿವೆ, ಪ್ರತಿ ವಾರ್ಡಿನ ಸಮಿತಿಯಲ್ಲಿ ಆಯ್ಕೆಯಾದ ಐದು ಜನ ಇರುತ್ತಾರೆ. ಅದರಲ್ಲಿ ಇಬ್ಬರು ಹೆಂಗಸರ ಸ್ಥಾನ, ಆ ಇಬ್ಬರಲ್ಲಿ ಒಬ್ಬರು ದಲಿತ ಮಹಿಳೆ ಆಗಿರಲೇಬೇಕು ಅಂತ ನಿಯಮ. ಆ ದಲಿತ ಸದಸ್ಯೆಯನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ. ಸಭೆಯಲ್ಲಿ ಅವರಿಗೆ ಮಾತಾಡಲು ಅವಕಾಶ ಸಿಗದೆ ಇರಬಹುದು. ಅವರ ಮನೆ ಜಗಲಿಯಲ್ಲಿ ಕೂತರೆ ಊರಿನ ಅರ್ಧ ಚಿತ್ರ ಸಿಗುತ್ತದೆ.

ಅಲ್ಲಿ ಬಜೆಟ್ ಮಾಡುವ ಕ್ರಮವನ್ನೂ ತಿಳಿದುಕೊಳ್ಳಿ, ಅದು ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ನೇಪಾಳದ ಹಣಕಾಸು ವರ್ಷ ಶ್ರಾವಣದ ಮೊದಲ ದಿನ, ಅಂದರೆ ಜುಲೈ ಮಧ್ಯದಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲು ಏಳು ಹಂತದ ಯೋಜನೆ ನಡೆಯುತ್ತದೆ. ಕೇರಿ ಮಟ್ಟದಲ್ಲಿ ಜನ ಕೂತು ಕೆಲಸ ಆರಿಸುತ್ತಾರೆ, ವಾರ್ಡ್ ಅದನ್ನು ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸುತ್ತದೆ, ಪಾಲಿಕೆಯ ಸಭೆಯಲ್ಲಿ ಆಷಾಢದ 10ರೊಳಗೆ, ಅಂದರೆ ಜೂನ್ ಕೊನೆಯ ವಾರದ ಹೊತ್ತಿಗೆ ಬಜೆಟ್ ಮಂಡನೆಯಾಗಬೇಕು. ಡಿಸೆಂಬರಿನಲ್ಲಿ ನೀವು ಹೋಗುವುದು ಈ ಲೆಕ್ಕದಲ್ಲಿ ಒಳ್ಳೆಯ ಸಮಯ. ವಾರ್ಡ್ ಕಚೇರಿಯಲ್ಲಿ ಕಳೆದ ಎರಡು ಮೂರು ವರ್ಷದ ಪಟ್ಟಿ ಕೇಳಿ. ಯಾವ ಕೆಲಸ ಪ್ರತಿ ವರ್ಷ ಪಟ್ಟಿಗೆ ಬಂದು ಪ್ರತಿ ವರ್ಷ ಬಿದ್ದುಹೋಗಿದೆ ಅಂತ ನೋಡಿ. ನಿಮ್ಮ ಐದು ಲಕ್ಷ ಅಂದರೆ ನೇಪಾಳದ ಎಂಟು ಲಕ್ಷ. ನಮ್ಮ ಒಂದು ರೂಪಾಯಿಗೆ ಅವರ 1.60 ಅಂತ 1993ರಿಂದ ಒಂದೇ ದರ ಇದೆ. ಪಾಲಿಕೆಯವರು ಸ್ವಲ್ಪ ಹಾಕಿ, ಊರಿನವರು ಶ್ರಮದಾನ ಮಾಡಿ, ಕೊರತೆ ಬಿದ್ದಷ್ಟನ್ನು ನೀವು ತುಂಬಿದರೆ ಆ ಎಂಟು ಲಕ್ಷಕ್ಕೆ ಎರಡರಷ್ಟು ಬಲ ಬರುತ್ತದೆ. ಕೆಲಸ ಪಾಲಿಕೆಯ ದಾಖಲೆಯಲ್ಲಿ ಇರುವುದರಿಂದ ಮುಂದೆ ರಿಪೇರಿಗೂ ಕೇಳಲು ಒಂದು ಜಾಗ ಇರುತ್ತದೆ. ಅಲ್ಲಿ ಚುನಾವಣೆ ಐದು ವರ್ಷಕ್ಕೊಮ್ಮೆ, ಕಳೆದದ್ದು 2022ರಲ್ಲಿ ನಡೆಯಿತು. ವಾರ್ಡ್ ಅಧ್ಯಕ್ಷರು ಎಷ್ಟೇ ಒಳ್ಳೆಯವರಾಗಿರಲಿ, ಪತ್ರ ವ್ಯವಹಾರ ಕಚೇರಿಯ ಜೊತೆಗೇ ಇಟ್ಟುಕೊಳ್ಳಿ. ಇನ್ನೊಂದು ಚಿಕ್ಕ ವಿಷಯ: ಅಲ್ಲಿ ಶನಿವಾರ ಕಚೇರಿಗಳಿಗೆ ರಜೆ. ನಮ್ಮ ಲೆಕ್ಕದಲ್ಲಿ ಕೆಲಸದ ದಿನ ಅಂದುಕೊಂಡು ಶನಿವಾರ ಹೋಗಿ ಮುಚ್ಚಿದ ಬಾಗಿಲು ನೋಡಬೇಡಿ.

ಅಲ್ಲಿನ ಸರ್ಕಾರದ ಜೊತೆ ಸೇರಿಯೇ ಕೆಲಸ ಮಾಡುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಅಛಾಮಿನಲ್ಲೇ ಇದೆ. ಬಯಲ್‌ಪಾಟಾ ಅನ್ನುವಲ್ಲಿ ಸರ್ಕಾರ ಎಂದೋ ಕಟ್ಟಿಸಿದ ಆಸ್ಪತ್ರೆ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಅಮೆರಿಕದಲ್ಲಿ ವೈದ್ಯಕೀಯ ಓದುತ್ತಿದ್ದ ಕೆಲವರು ಶುರು ಮಾಡಿದ ನ್ಯಾಯ ಹೆಲ್ತ್ ಅನ್ನುವ ಸಂಸ್ಥೆ 2008ರಲ್ಲಿ ಸಾಂಫೆಬಗರ್‌ನಲ್ಲಿ ಒಂದು ಚಿಕ್ಕ ಕ್ಲಿನಿಕ್ ತೆರೆಯಿತು. ಮರುವರ್ಷ ನೇಪಾಳದ ಆರೋಗ್ಯ ಸಚಿವಾಲಯದ ಜೊತೆ ಒಪ್ಪಂದ ಮಾಡಿಕೊಂಡು ಆ ಖಾಲಿ ಸರ್ಕಾರಿ ಆಸ್ಪತ್ರೆಯನ್ನೇ ನಡೆಸಲು ತೆಗೆದುಕೊಂಡಿತು. ನಮ್ಮದೇ ಹೊಸ ಆಸ್ಪತ್ರೆ ಬೇಕು ಅಂತ ಹಠ ಹಿಡಿಯಲಿಲ್ಲ. ಇರುವುದನ್ನು ಎಬ್ಬಿಸಿದರು, ನೇಪಾಳಿ ಡಾಕ್ಟರು, ನರ್ಸುಗಳನ್ನು ನೇಮಿಸಿದರು, ಉಚಿತ ಚಿಕಿತ್ಸೆ ಕೊಟ್ಟರು. ಆಮೇಲೆ ಅಲ್ಲಿನ ಮಣ್ಣನ್ನೇ ಬಡಿದು ಗೋಡೆ ಮಾಡಿದ ಕಟ್ಟಡಗಳಿಂದ ಆಸ್ಪತ್ರೆ ದೊಡ್ಡದಾಯಿತು. ಸಾಧ್ಯವಾದರೆ ದಾರಿಯಲ್ಲಿ ಒಂದು ಗಂಟೆ ಇಳಿದು ನೋಡಿ. ಊರಿಗೆ ಯಾವ ಕಾಯಿಲೆ ಹೆಚ್ಚು, ಮಕ್ಕಳಿಗೆ ಭೇದಿ ಯಾವ ತಿಂಗಳು ಜಾಸ್ತಿ ಅನ್ನುವ ಲೆಕ್ಕ ನಿಮ್ಮ ವಾಚ್‌ಮನ್ ಊರಿನ ಆರೋಗ್ಯ ಚೌಕಿಯಲ್ಲಿ, ಅಂದರೆ ಅಲ್ಲಿನ ಚಿಕ್ಕ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಸಿಗುತ್ತದೆ.

ಆ ಆರೋಗ್ಯ ಚೌಕಿಯಲ್ಲಿ ವಿಚಾರಿಸಿದರೆ ಊರಿನ ಮಹಿಳಾ ಸ್ವಾಸ್ಥ್ಯ ಸ್ವಯಂಸೇವಿಕೆ ಯಾರು ಅಂತ ಹೇಳುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ನಮ್ಮಲ್ಲಿ ಆಶಾ ಬಂದದ್ದು 2005ರಲ್ಲಿ, ಅವರಲ್ಲಿ ಈ ಕಾರ್ಯಕ್ರಮ 1988ರಿಂದಲೇ ಇದೆ. ದೇಶದಲ್ಲಿ ಸುಮಾರು ಐವತ್ತು ಸಾವಿರ ಹೆಂಗಸರು ಈ ಕೆಲಸ ಮಾಡುತ್ತಾರೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯ ಮಗು ತೂಕ ಏರುತ್ತಿಲ್ಲ, ಯಾರ ಮನೆಗೆ ನಲ್ಲಿ ಇದ್ದೂ ನೀರು ಬರುವುದಿಲ್ಲ ಅನ್ನುವುದೆಲ್ಲ ಅವರಿಗೆ ಗೊತ್ತು. ನಿಮ್ಮ ಗುಂಪಿನ ಇಬ್ಬರು ಹೆಂಗಸರು ಒಂದು ಬೆಳಗ್ಗೆ ಪೂರ್ತಿ ಅವರ ಜೊತೆ ಓಡಾಡಲಿ, ಗಂಡಸರು ಅಂದು ಹಿಂದೆ ಉಳಿಯಲಿ. ಬೆಳಕು ಹರಿಯುವ ಮೊದಲೇ ನೀರಿನ ಹತ್ತಿರ ಹೋಗಿ. ಅಲ್ಲಿ ಎಷ್ಟು ಜನ ಸಾಲಿನಲ್ಲಿದ್ದಾರೆ, ಯಾರು ಮೊದಲು ತುಂಬಿಸಿಕೊಳ್ಳುತ್ತಾರೆ, ಯಾರು ದೂರ ನಿಂತಿದ್ದಾರೆ ಅಂತ ನೋಡಿ. ಗಡಿಬಿಡಿಯಲ್ಲಿರುವವರನ್ನು ಪ್ರಶ್ನೆ ಕೇಳಬೇಡಿ, ಸುಮ್ನೆ ನಿಂತು ನೋಡಿ. ಸಭೆ ಕರೆಯುವುದಾದರೆ ಬೆಳಗಿನ ಅನ್ನ ಬೇಳೆ ಊಟ ಮುಗಿದ ಮೇಲೆ, ಅಂದರೆ ಹತ್ತು ಗಂಟೆಯ ನಂತರ, ಅವರೇ ಹೇಳಿದ ಹೊತ್ತಿಗೆ. ಆಮಾ ಸಮೂಹ ಅಂತ ಹೆಂಗಸರ ಸಂಘ ಬಹಳ ಊರುಗಳಲ್ಲಿ ಇರುತ್ತದೆ, ಅವರ ಜೊತೆ ಬೇರೆಯಾಗಿಯೇ ಕೂರಿ.

ಭಾಷೆಯ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಭಾರತದಲ್ಲಿ ದುಡಿದು ಬಂದ ಗಂಡಸರಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಹಿಂದಿ ಸಾಕು ಅಂತ ಹೊರಟರೆ ನಿಮಗೆ ಸಿಗುವುದು ಅವರ ಮಾತು ಮಾತ್ರ. ವಯಸ್ಸಾದ ಹೆಂಗಸರು ಆಡುವುದು ಆ ಕಡೆಯ ಅಛಾಮಿ, ಡೋಟೆಲಿ ಮಾತು. ಊರಿನ ಶಾಲೆಯ ಟೀಚರಮ್ಮ ಯಾರನ್ನಾದರೂ ದಿನಗೂಲಿ ಕೊಟ್ಟು ದುಭಾಷಿಯಾಗಿ ಇಟ್ಟುಕೊಳ್ಳಿ.

ಹೆಂಗಸರ ಜೊತೆ ಕೂತಾಗ ಛೌಪಡಿಯ ಮಾತು ಬರಬಹುದು. ಮುಟ್ಟಾದವರನ್ನು ಮನೆಯಿಂದ ಹೊರಗೆ, ಚಿಕ್ಕ ಗುಡಿಸಲಿನಲ್ಲಿ ಮಲಗಿಸುವ ಪದ್ಧತಿ ಅದು. ಅಛಾಮ್ ಈ ಕಾರಣಕ್ಕೇ ಸುದ್ದಿಯಲ್ಲಿರುವ ಜಿಲ್ಲೆ. ಚಳಿ, ಹೊಗೆ, ಹಾವು ಇವುಗಳಿಂದ ಆ ಗುಡಿಸಲುಗಳಲ್ಲಿ ಹೆಣ್ಣುಮಕ್ಕಳು ಸತ್ತಿದ್ದಾರೆ. ನೇಪಾಳದ ಸುಪ್ರೀಂ ಕೋರ್ಟ್ 2005ರಲ್ಲಿ ನಿಷೇಧಿಸಿತು, 2018ರ ಆಗಸ್ಟಿನಿಂದ ಇದಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ ಮೂರು ಸಾವಿರ ರೂಪಾಯಿ ದಂಡ ಇದೆ. ಸರ್ಕಾರ ಗುಡಿಸಲುಗಳನ್ನು ಕೆಡವಿಸಿತು, ಕೆಲವು ಕಡೆ ಜನ ಮತ್ತೆ ಕಟ್ಟಿಕೊಂಡರು. ನಮ್ಮ ತುಮಕೂರು, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲೂ ಹೀಗೇ ಆಗಿದೆ. ಹಾಗಾಗಿ ನಾಲ್ಕು ದಿನಕ್ಕೆ ಹೋದವರು ಭಾಷಣ ಮಾಡುವುದು ಬೇಡ. ಆದರೆ ನೀರಿನ ಕೆಲಸ ಯೋಚಿಸುವಾಗ ಇದನ್ನು ಕೇಳಲೇಬೇಕು: ಮುಟ್ಟಾದಾಗ ನೀವು ನೀರು ಎಲ್ಲಿಂದ ತರುತ್ತೀರಿ? ಯಾವ ಶೌಚಾಲಯಕ್ಕೆ ಹೋಗುತ್ತೀರಿ? ಕೆಲವು ಮನೆಗಳಲ್ಲಿ ಆ ದಿನಗಳಲ್ಲಿ ನಲ್ಲಿ ಮುಟ್ಟುವ ಹಾಗಿಲ್ಲ. ಅಂಥ ಊರಿನಲ್ಲಿ ದೇವಸ್ಥಾನದ ಪಕ್ಕ ನಲ್ಲಿ ಹಾಕಿಸಿದರೆ ತಿಂಗಳಲ್ಲಿ ನಾಲ್ಕೈದು ದಿನ ಅರ್ಧ ಊರಿನ ಹೆಂಗಸರಿಗೆ ಅದು ಇದ್ದೂ ಇಲ್ಲದ ಹಾಗೆ. ನಲ್ಲಿಯ ಕಟ್ಟೆ ಎಲ್ಲಿ ಬರಬೇಕು ಅನ್ನುವುದನ್ನು ಹೆಂಗಸರೇ ನಡೆದು ತೋರಿಸಲಿ.

ನೀರಿನ ಕೆಲಸವೇ ಬೇಕು ಅಂತ ಊರು ಹೇಳಿದರೆ, ಮೊದಲು ಹಳೆಯದನ್ನು ನೋಡಿ. ಅಲ್ಲಿ ಬೋರ್‌ವೆಲ್ ಮಾತಿಲ್ಲ. ಮೇಲಿನ ಒರತೆಯಿಂದ ಕಪ್ಪು ಪೈಪಿನಲ್ಲಿ ನೀರು ಇಳಿದು ಒಂದು ಟ್ಯಾಂಕಿಗೆ ಬರುತ್ತದೆ, ಅಲ್ಲಿಂದ ಕೇರಿಗಳ ನಲ್ಲಿಗೆ. ಮೋಟರ್ ಬೇಡ, ಕರೆಂಟ್ ಬೇಡ. ಇಂಥ ವ್ಯವಸ್ಥೆ ಒಂದಲ್ಲ ಎರಡು ಸಲ ಯಾರೋ ಮಾಡಿಕೊಟ್ಟಿರುತ್ತಾರೆ. ಒಂದು ಊರಿನಲ್ಲಿ ನಾನು ನೋಡಿದ ನಲ್ಲಿ ಕಟ್ಟೆ ಹೀಗಿತ್ತು: ಕಲ್ಲಿನ ಕಂಬದ ಮೇಲೆ ದಾನಿಗಳ ಹೆಸರಿನ ಅಮೃತಶಿಲೆ ಹೊಸದರ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗೆ ಹಿತ್ತಾಳೆಯ ನಲ್ಲಿ ಇರಲಿಲ್ಲ. ಕಬ್ಬಿಣದ ಪೈಪಿನ ಬಾಯಿಗೆ ಮೆಕ್ಕೆಜೋಳದ ದಿಂಡು ತುರುಕಿದ್ದರು, ಅದರ ಸುತ್ತ ಸೈಕಲ್ ಟ್ಯೂಬಿನ ತುಂಡು ಬಿಗಿದಿದ್ದರು. ಮೇಲೆ ಹತ್ತಿ ಹೋದರೆ ಮಳೆಗೆ ಮಣ್ಣು ಕೊಚ್ಚಿಹೋಗಿ ಪೈಪ್ ಹೊರಗೆ ಬಂದಿತ್ತು, ದನ ತುಳಿದ ಕಡೆ ಪ್ಲಾಸ್ಟಿಕ್ ಚೀಲ ಸುತ್ತಿದ್ದರು. ಆ ಊರಿಗೆ ಹೊಸ ಯೋಜನೆಯ ಅಗತ್ಯ ಇರಲಿಲ್ಲ. ಮೂರಡಿ ಆಳದ ಕಾಲುವೆ ತೋಡಿ ಪೈಪ್ ಮುಚ್ಚಬೇಕಿತ್ತು, ನಲ್ಲಿಗಳನ್ನು ಬದಲಿಸಬೇಕಿತ್ತು, ತಿಂಗಳಿಗೆ ಇಷ್ಟು ಅಂತ ಸಂಬಳ ಪಡೆದು ಲೈನ್ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕಿತ್ತು.

ಹಾಗಾಗಿ ನೀರಿನ ಉಪಭೋಕ್ತಾ ಸಮಿತಿಯವರನ್ನು (ನೀರು ಬಳಸುವ ಮನೆಯವರೇ ಸೇರಿ ಮಾಡಿಕೊಂಡ ಸಮಿತಿ) ಕಂಡು ಅವರ ಲೆಕ್ಕದ ಪುಸ್ತಕ ತೋರಿಸಲು ಕೇಳಿ. ಮನೆಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ? ಎಷ್ಟು ಮನೆ ಬಾಕಿ ಇದೆ? ಕಳೆದ ಸಲ ರಿಪೇರಿ ಮಾಡಿದ್ದು ಯಾರು, ಸಾಮಾನು ಎಲ್ಲಿಂದ ತಂದರು? ಪುಸ್ತಕದಲ್ಲಿ ಕಳೆದ ತಿಂಗಳ ಲೆಕ್ಕ ಇದ್ದರೆ ನನಗೆ ಧೈರ್ಯ ಬರುತ್ತದೆ. ಪುಸ್ತಕವೇ ಇಲ್ಲ ಅಂದರೆ ನಿಮ್ಮ ದುಡ್ಡಿನಲ್ಲಿ ಮೊದಲು ಆಗಬೇಕಾದದ್ದು ಸಮಿತಿಯನ್ನು ಮತ್ತೆ ನಿಲ್ಲಿಸುವ ಕೆಲಸ. ಒರತೆ ಯಾರ ಜಮೀನಿನಲ್ಲಿದೆ, ಮೇಲಿನ ಊರಿನವರಿಗೂ ಅದೇ ನೀರಾ ಅನ್ನುವುದನ್ನೂ ಕೇಳಿ. ನೀರಿನ ಮೂಲದ ಜಗಳದಿಂದ ನಿಂತುಹೋದ ಯೋಜನೆಗಳು ಬಹಳ. ಮೂಲದವರ ಒಪ್ಪಿಗೆ ಬರಹದಲ್ಲಿ ಇಲ್ಲದೆ ಒಂದು ಮೀಟರ್ ಪೈಪನ್ನೂ ಕೊಳ್ಳಬೇಡಿ.

ಒರತೆ ಎಷ್ಟು ನೀರು ಕೊಡುತ್ತದೆ ಅಂತ ಅಳೆಯಲು ಇಂಜಿನಿಯರ್ ಬೇಕಾಗಿಲ್ಲ. ಇಪ್ಪತ್ತು ಲೀಟರಿನ ಬಕೆಟ್, ಮೊಬೈಲಿನ ಗಡಿಯಾರ ಸಾಕು. ಡಿಸೆಂಬರಿನಲ್ಲಿ ಬಕೆಟ್ ನಲವತ್ತು ಸೆಕೆಂಡಿನಲ್ಲಿ ತುಂಬಿತು ಅನ್ನಿ. ದಿನಕ್ಕೆ 43,200 ಲೀಟರ್ ಆಯಿತು. ನೇಪಾಳದ ಹಳ್ಳಿ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 45 ಲೀಟರ್ ಅಂತ ಹಿಡಿಯುತ್ತಾರೆ (ನಮ್ಮ ಜಲ ಜೀವನ್ ಮಿಷನ್‌ನಲ್ಲಿ 55). ಆ ಲೆಕ್ಕಕ್ಕೆ 960 ಜನಕ್ಕೆ ಸಾಕು. ನಿಮಗೆ ಸಂತೋಷವಾಗುತ್ತದೆ. ಏಪ್ರಿಲ್ ಕೊನೆಗೆ ಅದೇ ಬಕೆಟ್ ತುಂಬಲು ನೂರು ಸೆಕೆಂಡ್ ಬೇಕಾದರೆ ಬರುವುದು 17,280 ಲೀಟರ್, ಅಂದರೆ 384 ಜನಕ್ಕೆ ಮಾತ್ರ. ಡಿಸೆಂಬರಿನ ಅಳತೆ ನಂಬಿ ಪೈಪ್ ಎಳೆದರೆ ಕೊನೆಯ ಕೇರಿಗೆ ಬೇಸಿಗೆಯಲ್ಲಿ ಗಾಳಿ ಬರುತ್ತದೆ. ಸಾಮಾನ್ಯವಾಗಿ ಕೊನೆಯ ಕೇರಿ ಯಾರದ್ದು ಅಂತ ಹೇಳಬೇಕಾಗಿಲ್ಲ. ಆದ್ದರಿಂದ ಬಕೆಟ್ ಅಲ್ಲೇ ಬಿಟ್ಟು ಬನ್ನಿ. ಶಾಲೆಯ ವಿಜ್ಞಾನದ ಮೇಷ್ಟ್ರಿಗೋ, ಸ್ವಯಂಸೇವಿಕೆಗೋ ಮಾರ್ಚ್‌ನಿಂದ ಮೇ ತನಕ ವಾರಕ್ಕೊಮ್ಮೆ ಅಳೆದು ಬರೆದಿಡಲು ಹೇಳಿ, ಆ ಕೆಲಸಕ್ಕೆ ಸ್ವಲ್ಪ ದುಡ್ಡೂ ಕೊಡಿ.

ಶಾಲೆಯ ಶೌಚಾಲಯಕ್ಕೂ ಮೊದಲ ಪ್ರಶ್ನೆ ನೀರೇ. ಬಹಳ ಶಾಲೆಗಳಲ್ಲಿ ಶೌಚಾಲಯ ಕಟ್ಟಿರುತ್ತಾರೆ, ಬೀಗ ಹಾಕಿರುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ, ತೊಳೆಯುವವರು ಯಾರು, ಒಳಗಿನಿಂದ ಚಿಲಕ ಹಾಕಲು ಆಗುತ್ತದಾ ಅಂತ ಹೆಣ್ಣುಮಕ್ಕಳನ್ನೇ ಕೇಳಿ. ಸರ್ಕಾರಿ ಶಾಲೆಗಳಲ್ಲಿ ಉಚಿತ ಪ್ಯಾಡ್ ಕೊಡುವ ಯೋಜನೆ ನೇಪಾಳದಲ್ಲಿದೆ. ಅದು ಬರುತ್ತಿದೆಯಾ, ಬಳಸಿದ್ದನ್ನು ಎಲ್ಲಿ ಹಾಕುತ್ತಾರೆ ಅಂತ ವಿಚಾರಿಸಿ. ಗೋಡೆ ಕಟ್ಟುವ ಮಾತು ಬಂದರೆ ಪಾಲಿಕೆಯ ಇಂಜಿನಿಯರ್ ನಕ್ಷೆ ಬೇಕೇ ಬೇಕು. 2022ರ ನವೆಂಬರಿನಲ್ಲಿ ಪಕ್ಕದ ಡೋಟಿಯಲ್ಲಿ ಭೂಕಂಪವಾಯಿತು, ಮರುವರ್ಷ ಪಶ್ಚಿಮ ನೇಪಾಳದ ಜಾಜರ್‌ಕೋಟ್ ಕಡೆಯ ಭೂಕಂಪದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಮಣ್ಣು, ಕಲ್ಲಿನ ಗೋಡೆ ಬಿದ್ದೇ ಹೆಚ್ಚು ಸಾವಾದದ್ದು.

ಗ್ರಂಥಾಲಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನಿಂದ ಇಂಗ್ಲಿಷ್ ಪುಸ್ತಕದ ಪೆಟ್ಟಿಗೆ ಹೊರಬೇಡಿ. ನೇಪಾಳಿ ಮಕ್ಕಳ ಪುಸ್ತಕ ಅಲ್ಲೇ ಸಿಗುತ್ತವೆ. ಕಪಾಟು ತೆರೆದಿಡುವ ಆಸೆಯಿರುವ ಒಬ್ಬ ಮೇಷ್ಟ್ರು ಸಿಕ್ಕರೆ ಕಡಿಮೆ ದುಡ್ಡಿನಲ್ಲಿ ಆಗುವ ಕೆಲಸ, ಸಿಗದಿದ್ದರೆ ಬೇಡ.

ದುಡ್ಡಿನ ವಿಷಯಕ್ಕೆ ಬರೋಣ. ಹೊರದೇಶದ ಸಂಘ ಸಂಸ್ಥೆಗಳು ನೇಪಾಳದಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ಸಮಾಜ ಕಲ್ಯಾಣ ಪರಿಷತ್ತಿನ ಒಪ್ಪಿಗೆ ಬೇಕು. ಅಲ್ಲಿನ ಸಂಸ್ಥೆ ಹೊರಗಿನ ದುಡ್ಡು ಪಡೆಯಲೂ ಅದೇ ದಾರಿ. ನಿಮ್ಮಂಥ ಚಿಕ್ಕ ಗುಂಪು ತನ್ನದೇ ಸಂಸ್ಥೆ ಕಟ್ಟುವ ಗೊಡವೆಗೆ ಹೋಗಬಾರದು. ಪಾಲಿಕೆಯ ಜೊತೆ ಮಾತಾಡಿ, ಅವರ ನಿಯಮದಲ್ಲಿ ಇಂಥ ನೆರವು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ಬರಹದಲ್ಲಿ ಪಡೆಯಿರಿ. ಚೀಲದಲ್ಲಿ ನಗದು ಕೊಂಡೊಯ್ಯಬೇಡಿ. ನಿಮ್ಮ ಬ್ಯಾಂಕಿನವರನ್ನೂ ಆಡಿಟರನ್ನೂ ಹೊರಡುವ ಮೊದಲೇ ಕೇಳಿ. ದುಡ್ಡು ಯಾವುದಾದರೂ ನೋಂದಾಯಿತ ಟ್ರಸ್ಟಿನಲ್ಲಿದ್ದರೆ ಇದು ಇನ್ನೂ ಮುಖ್ಯ. ಭಾರತದ ಹೊರಗೆ ಖರ್ಚು ಮಾಡಿದ ಹಣಕ್ಕೆ ಟ್ರಸ್ಟಿಗೆ ಸಿಗುವ ತೆರಿಗೆ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಊರಿಗೆ ಬೇಕಾದದ್ದು ಶಾಲೆಯ ಕಟ್ಟಡದಂಥ ದೊಡ್ಡ ಕೆಲಸವಾದರೆ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ 2003ರಿಂದ ನಡೆಸುತ್ತಿರುವ ಸಮುದಾಯ ಅಭಿವೃದ್ಧಿ ಯೋಜನೆ ಇದೆ. ಅದು ಸ್ಥಳೀಯ ಸರ್ಕಾರದ ಮೂಲಕವೇ ಆಗುವುದು. ಪಾಲಿಕೆಯವರು ಅರ್ಜಿ ಹಾಕಿದ್ದಾರಾ ಅಂತ ಕೇಳಬಹುದು, ಹಾಕಿಲ್ಲದಿದ್ದರೆ ಹಾಕಲು ಹೇಳಬಹುದು.

ನಿಮ್ಮ ಗುಂಪಿನಲ್ಲಿ ಡಾಕ್ಟರ್ ಇದ್ದರೆ ಒಂದು ಕ್ಯಾಂಪ್ ಮಾಡೋಣ ಅನ್ನುತ್ತಾರೆ. ಬೇಡ. ಹೊರದೇಶದ ವೈದ್ಯರು ನೇಪಾಳದಲ್ಲಿ ರೋಗಿ ನೋಡಲು ಅಲ್ಲಿನ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ ಬೇಕು. ನಾಲ್ಕು ದಿನ ಮಾತ್ರೆ ಹಂಚಿ ಬಂದುಬಿಟ್ಟರೆ, ನೀವು ಬಿಪಿ ಮಾತ್ರೆ ಶುರು ಮಾಡಿಸಿದ ಅಜ್ಜಿಗೆ ಐದನೇ ದಿನ ಯಾರು ಕೊಡುತ್ತಾರೆ?

ಮಕ್ಕಳಿಗೆ ಚಾಕೊಲೇಟ್, ಪೆನ್ನು, ಹಳೆಯ ಬಟ್ಟೆ ಬೇಡ ಅಂತ ಯಾಕೆ ಹೇಳಿದೆ ಅಂದರೆ, ಹಂಚಲು ನಿಂತ ಕ್ಷಣದಿಂದ ನೀವು ಕೊಡುವವರು, ಊರು ಬೇಡುವವರು ಆಗಿಬಿಡುತ್ತೀರಿ. ಆಮೇಲೆ ಯಾರೂ ನಿಮ್ಮ ಹತ್ತಿರ ನಿಜ ಮಾತಾಡುವುದಿಲ್ಲ. ಏನು ಹೇಳಿದರೆ ಇವರು ಏನು ಕೊಡುತ್ತಾರೆ ಅಂತ ಲೆಕ್ಕ ಹಾಕುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಶಾಲೆಗೆ ಕೊಡಲೇಬೇಕು ಅನ್ನಿಸಿದರೆ ಹೆಡ್‌ಮಾಸ್ಟರನ್ನು ಕೇಳಿ ಸಾಂಫೆಬಗರ್ ಅಂಗಡಿಯಲ್ಲೇ ಕೊಂಡು ಕೊನೆಯ ದಿನ ಶಾಲೆಯ ಕೈಗೆ ಕೊಡಿ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಛೌಪಡಿ ಗುಡಿಸಲಿನ, ಅದರಲ್ಲಿರುವವರ ಫೋಟೋ ಯಾವ ಕಾರಣಕ್ಕೂ ಬೇಡ.

ಊರಿನವರು ಪದೇ ಪದೇ ಕೇಳುತ್ತಾರೆ: ಏನು ಮಾಡಿಕೊಡುತ್ತೀರಿ? ಎಷ್ಟು ಕೊಡುತ್ತೀರಿ? ಮೊತ್ತ ಹೇಳಬೇಡಿ. 'ನೋಡೋಣ' ಅಂತಲೂ ಹೇಳಬೇಡಿ, ಅದನ್ನು ಅವರು ಆಗುತ್ತದೆ ಅಂತಲೇ ತಿಳಿದುಕೊಳ್ಳುತ್ತಾರೆ. ನಾವು ಈ ಸಲ ತಿಳಿದುಕೊಳ್ಳಲು ಬಂದಿದ್ದೇವೆ, ಇಂಥ ತಿಂಗಳೊಳಗೆ ಆಗುತ್ತದೋ ಇಲ್ಲವೋ ಅಂತ ವಾರ್ಡ್ ಕಚೇರಿಗೆ ಪತ್ರ ಬರೆಯುತ್ತೇವೆ ಅಂತ ನಾಲ್ಕೂ ಜನ ಒಂದೇ ಮಾತು ಹೇಳಿ. ಆಗುವುದಿಲ್ಲ ಅನ್ನುವುದಾದರೂ ಆ ಪತ್ರ ಹೋಗಲೇಬೇಕು. ಎಷ್ಟೋ ಊರುಗಳಿಗೆ ಜನ ಬಂದು ಅಳತೆ ಮಾಡಿಕೊಂಡು, ಫೋಟೋ ತೆಗೆದುಕೊಂಡು ಹೋಗಿ ಮತ್ತೆ ಸುದ್ದಿಯೇ ಇಲ್ಲ.

ಹೊರಡುವ ಹಿಂದಿನ ದಿನ ಎಲ್ಲರನ್ನೂ ಸೇರಿಸಿ ನೀವು ಕೇಳಿದ್ದನ್ನು, ನೋಡಿದ್ದನ್ನು ಓದಿ ಹೇಳಿ. ತಪ್ಪಿದ್ದರೆ ಅವರು ತಿದ್ದುತ್ತಾರೆ. ಈ ಸಭೆಗೆ ದಲಿತ ಟೋಲಿನವರೂ ಬರುವಂಥ ಜಾಗ ಆರಿಸಿ, ಸಾಮಾನ್ಯವಾಗಿ ಶಾಲೆಯ ಅಂಗಳ ಸರಿಹೋಗುತ್ತದೆ. ಬೆಂಗಳೂರಿಗೆ ಬಂದ ಮೇಲೆ ಅದನ್ನೇ ಎರಡು ಪುಟಕ್ಕೆ ನೇಪಾಳಿಯಲ್ಲಿ ಬರೆಸಿ. ಒಂದು ಪ್ರತಿ ವಾರ್ಡ್ ಕಚೇರಿಗೆ, ಒಂದು ನೀರಿನ ಸಮಿತಿಗೆ, ಒಂದು ಆಮಾ ಸಮೂಹಕ್ಕೆ ಹೋಗಲಿ. ನಿಮ್ಮ ವಾಚ್‌ಮನ್‌ಗೂ ಒಂದು ಕೊಡಿ.

ಉಳಿದ ಏಳು ಜನರಿಗೂ ಕೆಲಸ ಇದೆ. ಬ್ಯಾಂಕು, ಆಡಿಟರ್, ಪಾಲಿಕೆಯ ಪತ್ರ ವ್ಯವಹಾರ ಅವರು ನೋಡಿಕೊಳ್ಳಲಿ. ಮೇ ತಿಂಗಳಲ್ಲಿ ಒರತೆಯ ಅಳತೆಗಳು ಬಂದಾಗ ನನಗೆ ಕಳಿಸಿ. ಒರತೆಯಿಂದ ಟ್ಯಾಂಕಿನವರೆಗಿನ ದೂರ, ಎತ್ತರ, ಕೇರಿಗಳ ಮನೆ ಲೆಕ್ಕ ಜೊತೆಗಿದ್ದರೆ ಯಾವ ಅಳತೆಯ ಪೈಪ್ ಬೇಕು, ಎಷ್ಟು ದೊಡ್ಡ ಟ್ಯಾಂಕ್ ಸಾಕು ಅಂತ ಪಾಲಿಕೆಯ ಇಂಜಿನಿಯರ್ ಜೊತೆ ಕೂತು ನೋಡಲು ನಾನು ಸಿದ್ಧ.